ಮಾತಿನ ನೆಲೆಯನ್ನು ಕಂಡ ವೈದ್ಯ: ಪಾಲ್ ಬ್ರೋಕಾ

ಮನೆಯ ಹಿರಿಯರೊಬ್ಬರಿಗೆ ಬಲಗೈ ಬಲಗಾಲು ಬಿದ್ದುಹೋಗಿ, ಅದರ ಸಂಗಡವೇ ಮಾತೂ ನಿಂತುಹೋದುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಊರಿನಿಂದ ಸುದ್ದಿ ಬರುತ್ತದೆ. ರಜೆ ಪಡೆದು ಓಡಿಹೋಗಿ ನೋಡಿದರೆ ತಂದೆಯವರು ಗುರುತು ಹಿಡಿಯುತ್ತಾರೆ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ, ಎಡಗೈಯಿಂದ ಸನ್ನೆ ಮಾಡುತ್ತಾರೆ. ಆದರೆ ಮಗನ ಹೆಸರು ಬಾಯಿಗೆ ಬರುವುದಿಲ್ಲ. ನೋಡಲು ಬಂದ ನೆಂಟರು ಕಿವುಡರೊಡನೆ ಮಾತನಾಡುವಂತೆ ಗಟ್ಟಿಯಾಗಿ ಕೂಗುತ್ತಾರೆ. ಕೆಲವರು ಬುದ್ಧಿಯೇ ಕೆಟ್ಟಿತೆಂದು ಬಾಗಿಲ ಮರೆಯಲ್ಲಿ ಪಿಸುಗುಟ್ಟುತ್ತಾರೆ. ಎರಡೂ ಸರಿಯಲ್ಲ. ಕಿವಿ ಕೇಳುತ್ತಿರುತ್ತದೆ, ನಾಲಗೆ ಅಲ್ಲಾಡುತ್ತಿರುತ್ತದೆ, ಎಷ್ಟೋ ವೇಳೆ ಬುದ್ಧಿಯೂ ಬಹುಮಟ್ಟಿಗೆ ನೆಟ್ಟಗಿರುತ್ತದೆ. ಕೆಟ್ಟಿರುವುದು ಮಿದುಳಿನ ಎಡ ಪಾರ್ಶ್ವದ ಒಂದು ಭಾಗ. ಈ ಸಂಗತಿಯನ್ನು ಜಗತ್ತು ಒಪ್ಪುವಂತೆ ತೋರಿಸಿಕೊಟ್ಟವನು ಫ್ರಾನ್ಸ್ ದೇಶದ ಶಸ್ತ್ರವೈದ್ಯ ಪಾಲ್ ಬ್ರೋಕಾ. ಆತನ ಜೀವನಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ. ಆತನ ಕೀರ್ತಿಗೆ ಕಾರಣನಾದ ಒಬ್ಬ ಬಡ ಕೆಲಸಗಾರನ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. ಅದನ್ನು ಬಿಟ್ಟು ಇದನ್ನು ಹೇಳಲಾಗದು. ಬ್ರೋಕಾನು ಮಾಡಿದ ದೊಡ್ಡದೊಂದು ತಪ್ಪೂ ಇದೆ. ಅದನ್ನೂ ನಾವು ಮುಚ್ಚಿಡುವುದಿಲ್ಲ.

ಬೋರ್ಡೊ ನಗರದ ಪೂರ್ವಕ್ಕೆ, ದೋರ್ದೋನ್ಯ ನದಿಯ ದಂಡೆಯ ಮೇಲೆ ಸೇಂತ್ ಫ್ವಾ ಲ ಗ್ರಾಂದ್ ಎಂಬ ಸಣ್ಣ ಪಟ್ಟಣವೊಂದಿದೆ. ಬ್ರೋಕಾನು ಅಲ್ಲಿ 1824ನೆಯ ಇಸವಿ ಜೂನ್ 28ರಂದು ಜನಿಸಿದನು. ತಂದೆ ಬೆಂಜಮಿನ್ ವೈದ್ಯ. ನೆಪೋಲಿಯನ್ ಚಕ್ರವರ್ತಿಯ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿ ಸೇವೆ ಸಲ್ಲಿಸಿದವನು. ತಾಯಿ ಪ್ರಾಟೆಸ್ಟೆಂಟ್ ಧರ್ಮಬೋಧಕನೊಬ್ಬನ ಮಗಳು. ಬಹುಪಾಲು ಜನರು ಕ್ಯಾಥಲಿಕರಾಗಿದ್ದ ದೇಶದಲ್ಲಿ ಈ ಪಂಥದವರು ಬಹುಕಾಲ ಕಿರುಕುಳಕ್ಕೆ ಒಳಗಾಗಿದ್ದವರು. ದೊಡ್ಡವರು ಹೇಳಿದರೆಂಬ ಮಾತ್ರಕ್ಕೆ ಯಾವುದನ್ನೂ ನಂಬದ ಸ್ವಭಾವ ಬ್ರೋಕಾನಿಗೆ ಈ ಮನೆತನದಿಂದಲೇ ಬಂದಿರಬೇಕು. ಹುಡುಗನಿಗೆ ಗಣಿತದಲ್ಲಿಯೂ ಭಾಷೆಗಳಲ್ಲಿಯೂ ಸಮಾನವಾದ ಗತಿಯಿತ್ತು. ಹದಿನೇಳನೆಯ ವಯಸ್ಸಿನಲ್ಲಿ ವೈದ್ಯವಿದ್ಯೆಗಾಗಿ ಪ್ಯಾರಿಸ್ ನಗರಕ್ಕೆ ಬಂದನು. ಕೈಯಲ್ಲಿ ಹಣ ಹೆಚ್ಚಿರಲಿಲ್ಲ. ಕಾಲೇಜೊಂದರಲ್ಲಿ ಹುಡುಗರ ಮೇಲ್ವಿಚಾರಣೆಯ ಕೆಲಸಮಾಡುತ್ತ ಓದಿದನು. ಊರಿನ ತಂದೆತಾಯಿಗಳಿಗೆ ತಪ್ಪದೆ ಕಾಗದ ಬರೆಯುತ್ತಿದ್ದನು. ಮಗನು ಓದು ಮುಗಿಸಿ ಊರಿಗೆ ಮರಳಿ ತಂದೆಯ ವೃತ್ತಿಯನ್ನು ವಹಿಸಿಕೊಳ್ಳಲೆಂಬುದು ಅವರ ಆಸೆ. ಮಗನು ಮರಳಲಿಲ್ಲ. ಆತನ ಕಾಗದಗಳು ಮರಣಾನಂತರ 1886ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದುವು. ಹೊಟ್ಟೆಪಾಡಿಗಾಗಿಯೋ ವಿದ್ಯೆಗಾಗಿಯೋ ಊರು ಬಿಟ್ಟು ದೊಡ್ಡ ಪಟ್ಟಣದಲ್ಲಿ ನಿಂತವರ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ ತೆರನೆಂದು ತೋರುತ್ತದೆ.

ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಆತನು ಬೇಗಬೇಗನೆ ಮೇಲೇರಿದನು. ಸೂಕ್ಷ್ಮದರ್ಶಕ ಯಂತ್ರವನ್ನು ಹಿರಿಯ ವೈದ್ಯರನೇಕರು ಇನ್ನೂ ಸಂಶಯದಿಂದ ನೋಡುತ್ತಿದ್ದ ಕಾಲದಲ್ಲಿ, ಅದರ ಸಹಾಯದಿಂದ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿ, ಆ ರೋಗವು ರಕ್ತನಾಳಗಳ ಮೂಲಕ ಹರಡುವ ಬಗೆಯನ್ನು ವಿವರಿಸಿದನು. 1857ರಲ್ಲಿ ವಿವಾಹವಾದನು. ಹೆಂಡತಿಯ ತಂದೆ ಡಾಕ್ಟರ್ ಲುಗೋಲ್. ಇಂದಿಗೂ ಔಷಧಿಶಾಲೆಗಳಲ್ಲಿ ಲುಗೋಲ್ ದ್ರಾವಣವೆಂದು ಹೆಸರಾದ ಅಯೋಡಿನ್ ಮದ್ದು ಆ ಮಹಾಶಯನ ಹೆಸರಿನದೇ.

ಬ್ರೋಕಾನ ಮುಖ್ಯ ಕಾರ್ಯವನ್ನು ಹೇಳುವ ಮೊದಲು, ಆತನ ಕಾಲದವರೆಗೆ ಮಿದುಳಿನ ವಿಷಯವಾಗಿ ಜನರು ಏನೆಂದು ತಿಳಿದಿದ್ದರೆಂಬುದನ್ನು ಸ್ವಲ್ಪ ನೋಡಬೇಕು. ನಾವು ಇಂದಿಗೂ ಎದೆ ಮುಟ್ಟಿಕೊಂಡು ಹೇಳೆಂದು ಕೇಳುತ್ತೇವೆಯೇ ಹೊರತು ತಲೆ ಮುಟ್ಟಿಕೊಂಡು ಹೇಳೆನ್ನುವುದಿಲ್ಲ. ಪ್ರಾಚೀನ ಈಜಿಪ್ಟಿನವರು ಶವಗಳನ್ನು ಕೆಡದಂತೆ ಕಾಪಿಡುವಾಗ ಹೃದಯವನ್ನು ಜೋಪಾನವಾಗಿ ದೇಹದಲ್ಲಿಯೇ ಉಳಿಸಿ, ಮಿದುಳನ್ನು ಮೂಗಿನ ದಾರಿಯಾಗಿ ತೆಗೆದು ಎಸೆಯುತ್ತಿದ್ದರು. ಗ್ರೀಕ್ ಪಂಡಿತ ಅರಿಸ್ಟಾಟಲನು ಹೃದಯವೇ ಅರಿವಿನ ಮನೆ, ಮಿದುಳು ರಕ್ತವನ್ನು ತಂಪುಮಾಡುವ ಅಂಗವೆಂದು ತಿಳಿದನು. ಆದರೆ ಹಿಪೋಕ್ರಟೀಸನ ಪರಂಪರೆಯ ವೈದ್ಯರು ಸುಖದುಃಖಗಳೂ ಅರಿವೂ ಮಿದುಳಿನಿಂದಲೇ ಎಂದು ಅದಕ್ಕೂ ಮೊದಲೇ ಬರೆದಿದ್ದರು. ಎರಡನೆಯ ಶತಮಾನದಲ್ಲಿ ಗೇಲನ್ ಎಂಬ ವೈದ್ಯನು ಗ್ಲಾಡಿಯೇಟರುಗಳೆಂಬ ಕಾದಾಳುಗಳ ಗಾಯಗಳಿಗೆ ಚಿಕಿತ್ಸೆ ಮಾಡಿಯೂ, ಪ್ರಾಣಿಗಳ ನರಗಳನ್ನು ಕತ್ತರಿಸಿ ಪರೀಕ್ಷಿಸಿಯೂ ಮಿದುಳಿನ ಪಕ್ಷವನ್ನು ಬಲಪಡಿಸಿದನು. ಆತನ ಅನಂತರದವರು ಮಿದುಳಿನೊಳಗಿನ ಟೊಳ್ಳುಗಳಲ್ಲಿ ಒಂದರಲ್ಲಿ ಕಲ್ಪನೆ, ಒಂದರಲ್ಲಿ ವಿವೇಚನೆ, ಒಂದರಲ್ಲಿ ನೆನಪು ಎಂದು ಹಂಚಿಕೊಟ್ಟರು. ಆ ಹಂಚಿಕೆ ಸಾವಿರ ವರ್ಷಗಳಿಗೂ ಮಿಕ್ಕಿ ನಡೆಯಿತು. ಮಿದುಳಿನ ತಿರುಳು, ಅದರ ಮೇಲಣ ಸುರುಳಿಸುರುಳಿಯಾದ ಮಡಿಕೆಗಳು ಏತಕ್ಕೆಂದು ಬಹುಕಾಲ ಹೆಚ್ಚಿನವರು ಕೇಳಲೇ ಇಲ್ಲ.

ಕೇಳಿದವರಲ್ಲಿ ಪ್ರಮುಖನು 1758ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫ್ರಾಂಟ್ಸ್ ಯೋಸೆಫ್ ಗಾಲ್. ಮಿದುಳು ಒಂದೇ ಅಂಗವಲ್ಲ, 27 ಬೇರೆಬೇರೆ ಶಕ್ತಿಗಳಿಗೆ ಬೇರೆಬೇರೆ ಅಂಗಗಳಿವೆಯೆಂಬುದು ಆತನ ವಾದ. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಯಾವ ಶಕ್ತಿ ಹೆಚ್ಚಿದೆಯೋ ಆ ಭಾಗವು ಬೆಳೆದು ತಲೆಬುರುಡೆಯನ್ನು ಉಬ್ಬಿಸುವುದರಿಂದ, ತಲೆಯನ್ನು ಹೊರಗಿನಿಂದ ತಡವಿಯೇ ಗುಣಸ್ವಭಾವಗಳನ್ನು ಹೇಳಬಹುದೆಂದೂ ಆತನು ಸಾರಿದನು. ಹುಡುಗನಾಗಿದ್ದಾಗ ಬಾಯಿಪಾಠದಲ್ಲಿ ಮುಂದಿದ್ದ ಸಹಪಾಠಿಗಳಿಗೆ ಉಬ್ಬುಗಣ್ಣುಗಳಿದ್ದುದನ್ನು ಕಂಡದ್ದೇ ಈ ಸಿದ್ಧಾಂತಕ್ಕೆ ಬೀಜವಾಯಿತಂತೆ! ಆದುದರಿಂದ ಮಾತಿನ ಶಕ್ತಿಯನ್ನು ಕಣ್ಣುಗಳ ಹಿಂದೆ, ಮಿದುಳಿನ ಮುಂಭಾಗದಲ್ಲಿಟ್ಟನು. ಆತ್ಮವನ್ನು ತುಂಡುತುಂಡಾಗಿಸುವ ಈ ಬೋಧೆ ಧರ್ಮಕ್ಕೆ ವಿರೋಧವೆಂದು ವಿಯೆನ್ನಾದಲ್ಲಿ ಚಕ್ರವರ್ತಿಯು ಆತನ ಉಪನ್ಯಾಸಗಳನ್ನು ನಿಷೇಧಿಸಿದನು. ಗಾಲನು ಪ್ಯಾರಿಸ್ಸಿಗೆ ಹೋಗಿ ನೆಲೆಸಿ, ಅಲ್ಲಿಯೇ 1828ರಲ್ಲಿ ಗತಿಸಿದನು. ತಲೆ ತಡವಿ ಭವಿಷ್ಯ ನುಡಿಯುವವರು ಯೂರೋಪ್, ಅಮೆರಿಕಗಳ ಬೀದಿಗಳಲ್ಲೆಲ್ಲ ಅಂಗಡಿ ತೆರೆದರು. ಪಂಡಿತರಿಗೆ ಅದರಿಂದ ಜಿಗುಪ್ಸೆ ಹುಟ್ಟಿತು. ಫ್ಲೂರಾನ್ಸ್ ಎಂಬ ವಿಜ್ಞಾನಿಯು ಹಕ್ಕಿಗಳ ಮಿದುಳನ್ನು ಸ್ವಲ್ಪಸ್ವಲ್ಪವಾಗಿ ಕತ್ತರಿಸಿ ತೆಗೆದು ನೋಡಿ, ದೊಡ್ಡ ಮಿದುಳು ಇಡಿಯಾಗಿಯೇ ಕೆಲಸಮಾಡುವುದೆಂದು ತೀರ್ಮಾನಿಸಿದನು. ಆ ಬಳಿಕ ಮಿದುಳಿನಲ್ಲಿ ಸ್ಥಾನಗಳಿವೆಯೆಂದವನನ್ನು ವಿದ್ವಾಂಸರು ಹಸ್ತಸಾಮುದ್ರಿಕದವನಂತೆ ಕಾಣುತ್ತಿದ್ದರು.

ಆದರೂ ಗಾಲನ ಮಾತಿನಲ್ಲಿ ಒಂದನ್ನು ಬಿಡದೆ ಹಿಡಿದುಕೊಂಡವನು ಬುಯ್ಯೋ ಎಂಬ ವೈದ್ಯ. ಮಾತು ಹೋದ ಅನೇಕ ರೋಗಿಗಳನ್ನು ನೋಡಿ, ಮಿದುಳಿನ ಮುಂಭಾಗ ಕೆಟ್ಟರೆ ಮಾತು ಹೋಗುವುದೆಂದು 1825ರಲ್ಲಿಯೇ ಆತನು ಬರೆದನು. ಯಾರೂ ಕಿವಿಗೊಡಲಿಲ್ಲ. ಬೇಸತ್ತು, ಮುಂಭಾಗ ಆಳವಾಗಿ ಕೆಟ್ಟಿದ್ದೂ ಮಾತು ಸರಿಯಾಗಿದ್ದ ಒಬ್ಬ ರೋಗಿಯ ಮಿದುಳನ್ನು ತೋರಿಸಿದವರಿಗೆ 500 ಫ್ರಾಂಕ್ ಕೊಡುವೆನೆಂದು 1848ರಲ್ಲಿ ಪಂಥ ಕಟ್ಟಿದನು. ಆತನ ಅಳಿಯನಾದ ಓಬುರ್ತಾನನು ಮಾವನ ಪಕ್ಷವನ್ನು ಮುಂದುವರಿಸಿದನು.

ಬ್ರೋಕಾನು 1859ರಲ್ಲಿ ಹದಿನೆಂಟು ಮಂದಿ ಮಿತ್ರರೊಡನೆ ಪ್ಯಾರಿಸ್ಸಿನಲ್ಲಿ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದ್ದನು. ಮನುಷ್ಯನನ್ನು ಕುರಿತು ಅಧ್ಯಯನವೆಂದರೆ ಅಂದಿನ ಸರ್ಕಾರಕ್ಕೆ ಗುಮಾನಿ. ಇದು ರಾಜಕೀಯಕ್ಕೋ ಧರ್ಮನಿಂದೆಗೋ ತಿರುಗೀತೆಂಬ ಭಯ. ಸಾಮಾನ್ಯ ಉಡುಪಿನ ಪೋಲೀಸನೊಬ್ಬನು ಪ್ರತಿಯೊಂದು ಸಭೆಯಲ್ಲಿಯೂ ಕುಳಿತಿರಬೇಕೆಂಬ ಷರತ್ತಿನ ಮೇಲೆ ಅನುಮತಿ ದೊರೆಯಿತು. ತಲೆಬುರುಡೆಗಳ ಅಳತೆಯ ಮಾತು ಕೇಳಿ ಕೇಳಿ ಸಾಕಾದ ಆ ಪೋಲೀಸನು ಒಂದು ದಿನ ಸ್ವಲ್ಪ ಹೊರಗೆ ತಿರುಗಾಡಿ ಬರಲು ಅಪ್ಪಣೆ ಬೇಡಿದನೆಂದೂ, ಸಂಬಳ ತೆಗೆದುಕೊಂಡ ಮೇಲೆ ಕುಳಿತೇ ತೀರಬೇಕೆಂದು ಬ್ರೋಕಾನು ಬಿಡಲಿಲ್ಲವೆಂದೂ ಹೇಳುವರು.

ಈ ಸಂಘದಲ್ಲಿಯೇ 1861ರ ವಸಂತದಲ್ಲಿ ದೊಡ್ಡ ವಾಗ್ವಾದವೆದ್ದಿತು. ಮಿದುಳು ದೊಡ್ಡದಾದಷ್ಟೂ ಬುದ್ಧಿ ಹೆಚ್ಚೆಂಬುದು ನಿಜವೇ ಎಂದು ಗ್ರಾಸಿಯೊಲೆ ಎಂಬ ಅಂಗರಚನಾ ಪಂಡಿತನು ಪ್ರಶ್ನಿಸಿದ್ದನು. ಅಲ್ಲಿಂದ ಚರ್ಚೆಯು ಮಿದುಳಿನಲ್ಲಿ ಪ್ರತ್ಯೇಕ ಸ್ಥಾನಗಳುಂಟೆ ಎಂಬುದಕ್ಕೆ ಹೊರಳಿತು. ಏಪ್ರಿಲ್ 4ರಂದು ಓಬುರ್ತಾನನು ಎದ್ದುನಿಂತು ಒಬ್ಬ ರೋಗಿಯ ಸಂಗತಿಯನ್ನು ಹೇಳಿದನು. ಆ ಮನುಷ್ಯನು ಗುಂಡು ಹೊಡೆದುಕೊಂಡಿದ್ದರಿಂದ ಹಣೆಯ ಎಲುಬು ಹಾರಿಹೋಗಿ ಮಿದುಳು ಕಾಣುತ್ತಿತ್ತು. ಆತನು ಮಾತನಾಡುತ್ತಿರುವಾಗ ಮುಂಭಾಗವನ್ನು ಉಪಕರಣದಿಂದ ಮೆಲ್ಲಗೆ ಒತ್ತಿದರೆ ಮಾತು ನಡುವೆಯೇ ನಿಲ್ಲುತ್ತಿತ್ತು. ಒತ್ತುವುದನ್ನು ಬಿಟ್ಟರೆ ಮರಳಿ ಬರುತ್ತಿತ್ತು. ತನ್ನ ಆರೈಕೆಯಲ್ಲಿರುವ ಮತ್ತೊಬ್ಬ ಮಾತುಹೋದ ರೋಗಿಯು ಸತ್ತ ಮೇಲೆ ಮಿದುಳಿನ ಮುಂಭಾಗ ಕೆಟ್ಟಿರುವುದು ಕಾಣದಿದ್ದರೆ ತನ್ನ ವಾದವನ್ನೇ ಕೈಬಿಡುವುದಾಗಿಯೂ ಆತನು ಸಾರಿದನು. ಬ್ರೋಕಾನು ಸಂಘದ ಕಾರ್ಯದರ್ಶಿಯಾಗಿ ಇದನ್ನೆಲ್ಲ ಕೇಳುತ್ತ ಕುಳಿತಿದ್ದನು. ಒಂದು ವಾರ ಕಳೆಯುವುದರೊಳಗೆ ಉತ್ತರವು ತಾನಾಗಿ ಆತನ ವಾರ್ಡಿಗೆ ಬಂದಿತು.

ಪ್ಯಾರಿಸ್ಸಿನ ದಕ್ಷಿಣದ ಅಂಚಿನಲ್ಲಿ ಬಿಸೇತ್ರ್ ಎಂಬ ದೊಡ್ಡ ಆಸ್ಪತ್ರೆಯಿತ್ತು. ಗತಿಯಿಲ್ಲದ ಮುದುಕರು, ಮನೋರೋಗಿಗಳು, ವಾಸಿಯಾಗದ ಬೇನೆಯವರು ಅಲ್ಲಿ ವರ್ಷಗಟ್ಟಲೆ ಬಿದ್ದಿರುತ್ತಿದ್ದರು. ಏಪ್ರಿಲ್ 11ರಂದು ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಲೆಬೋರ್ನ್ ಎಂಬ 51 ವರ್ಷದ ಮನುಷ್ಯನನ್ನು ಹೊತ್ತು ತಂದರು. ಬಲಗಾಲು ಪಾದದಿಂದ ತೊಡೆಯ ಮೇಲಿನವರೆಗೆ ಕೊಳೆತು ಊದಿತ್ತು. ಹಾಸಿಗೆಯ ಬಟ್ಟೆಯನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದುದರಿಂದ ರೋಗವು ಇಷ್ಟು ಏರುವವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಏನಾಯಿತೆಂದು ಬ್ರೋಕಾನು ಕೇಳಿದಾಗ ಆತನಿಂದ ಬಂದ ಉತ್ತರ ತಾಂ ತಾಂ ಎಂಬ ಒಂದೇ ಶಬ್ದ. ಏನು ಕೇಳಿದರೂ ತಾಂ ತಾಂ. ಆಸ್ಪತ್ರೆಯಲ್ಲಿ ಆತನಿಗೆ ಆ ಹೆಸರೇ ಬಿದ್ದಿತ್ತು.

ಈ ಲೆಬೋರ್ನನಿಗೆ ಬಾಲ್ಯದಿಂದ ಅಪಸ್ಮಾರವಿದ್ದಿತು. ಆದರೂ ಪಾದರಕ್ಷೆ ಹೊಲಿಯುವವರಿಗೆ ಬೇಕಾದ ಮರದ ಅಚ್ಚುಗಳನ್ನು ಮಾಡುವ ಕಸುಬಿನಿಂದ ಮೂವತ್ತನೆಯ ವಯಸ್ಸಿನವರೆಗೆ ಹೊಟ್ಟೆ ಹೊರೆದುಕೊಂಡಿದ್ದನು. ಆಗ ಮಾತು ನಿಂತಿತು. ಎರಡು ಮೂರು ತಿಂಗಳಲ್ಲಿ ಬಿಸೇತ್ರ್ ಸೇರಿದವನು ಮತ್ತೆ ಹೊರಬೀಳಲಿಲ್ಲ. ಹತ್ತು ವರ್ಷಗಳ ತರುವಾಯ ಬಲಗೈ ಬಲಗುಂದಿತು, ಬಳಿಕ ಬಲಗಾಲು. ಕಡೆಯ ಏಳು ವರ್ಷಗಳನ್ನು ಹಾಸಿಗೆಯಲ್ಲಿಯೇ ಕಳೆದನು. ತನ್ನ ಸನ್ನೆ ಎದುರಿನವರಿಗೆ ತಿಳಿಯದೆಹೋದರೆ ಆತನಿಗೆ ತಡೆಯಲಾರದ ಸಿಟ್ಟು ಬರುತ್ತಿತ್ತು. ಆಗ ಮಾತ್ರ ಒಂದು ಬೈಗುಳ ಬಾಯಿಂದ ಪೂರ್ತಿಯಾಗಿ, ಸ್ಪಷ್ಟವಾಗಿ ಹೊರಬೀಳುತ್ತಿತ್ತು. ಜೊತೆಯ ರೋಗಿಗಳಿಗೆ ಆತನನ್ನು ಕಂಡರಾಗದು. ಸ್ವಾರ್ಥಿ, ಹಟಮಾರಿ, ಕಳ್ಳನೆಂದು ದೂರುತ್ತಿದ್ದರು. ಇಪ್ಪತ್ತೊಂದು ವರ್ಷ ಮಾತಿಲ್ಲದೆ ಒಂದೇ ಕೋಣೆಯಲ್ಲಿದ್ದವನಲ್ಲಿ ಸೌಜನ್ಯವನ್ನು ನಿರೀಕ್ಷಿಸುವುದು ನಮಗೆ ಹೆಚ್ಚಿನದೆಂದು ತೋರುತ್ತದೆ.

ಸಾಯುವ ಮನುಷ್ಯನೆಂದು ತಿಳಿದೂ ಬ್ರೋಕಾನು ಆತನ ಬಳಿ ಕುಳಿತು ವಿಚಾರಿಸಿದನು. ನಾಲಗೆಯನ್ನು ಪರೀಕ್ಷಿಸಿದನು, ಅದು ಎಲ್ಲ ಕಡೆಗೂ ಸಲೀಸಾಗಿ ಚಲಿಸುತ್ತಿತ್ತು. ಧ್ವನಿಯೂ ಸರಿಯಾಗಿತ್ತು. ಎಷ್ಟು ವರ್ಷಗಳಿಂದ ಇಲ್ಲಿರುವೆಯೆಂದು ಕೇಳಿದಾಗ ಲೆಬೋರ್ನನು ಎಡಗೈಯ ಐದು ಬೆರಳುಗಳನ್ನು ನಾಲ್ಕು ಸಾರಿ ಅಗಲಿಸಿ ಕೊನೆಗೆ ಒಂದು ಬೆರಳನ್ನು ಎತ್ತಿ ತೋರಿಸಿದನು. ಇಪ್ಪತ್ತೊಂದು, ಲೆಕ್ಕ ಸರಿಯಾಗಿತ್ತು. ಮರುದಿನ ಅದೇ ಪ್ರಶ್ನೆಗೆ ಅದೇ ಉತ್ತರ. ಮೂರನೆಯ ಸಾರಿ ಕೇಳಿದಾಗ, ಇವನು ತನ್ನನ್ನು ಪರೀಕ್ಷಿಸುತ್ತಿರುವನೆಂದರಿತು ಕೋಪಗೊಂಡು ಆ ಬೈಗುಳವನ್ನು ಉಚ್ಚರಿಸಿದನು. ಗಡಿಯಾರ ತೋರಿಸಿದರೆ ಗಂಟೆಯನ್ನೂ ಸರಿಯಾಗಿ ಸೂಚಿಸುತ್ತಿದ್ದನು. ಎಲ್ಲ ಪ್ರಶ್ನೆಗಳಿಗೂ ಉತ್ತರ ಸರಿಬರುತ್ತಿರಲಿಲ್ಲ. ಬುದ್ಧಿಗೂ ಸ್ವಲ್ಪ ಕುಂದು ತಟ್ಟಿದ್ದಿರಬಹುದೆಂದು ಬ್ರೋಕಾನೇ ಬರೆದಿಟ್ಟಿದ್ದಾನೆ. ಆದರೆ ಆಡಬಲ್ಲುದಕ್ಕಿಂತ ಬಹಳ ಹೆಚ್ಚಿನದನ್ನು ಆತನು ಅರಿಯಬಲ್ಲವನಾಗಿದ್ದನೆಂಬುದರಲ್ಲಿ ಸಂಶಯವಿರಲಿಲ್ಲ.

ಊರಿನಿಂದ ಹೊಸದಾಗಿ ಮುಂಬಯಿಗೆ ಬಂದ ಹುಡುಗನೂ ಕೆಲವು ತಿಂಗಳು ಹೀಗೆಯೇ ಇರುತ್ತಾನಲ್ಲವೇ ಎಂದು ವಾಚಕರಿಗೆ ತೋರಬಹುದು. ಗಿರಾಕಿಯ ಮರಾಠಿ ಕಿವಿಗೆ ತಿಳಿಯುತ್ತದೆ, ಉತ್ತರ ಮನಸ್ಸಿನಲ್ಲಿರುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ; ಎದುರಿನವನು ಇವನನ್ನು ದಡ್ಡನೆಂದು ತಿಳಿಯುತ್ತಾನೆ. ಆದರೆ ಆ ಹುಡುಗನು ರಾತ್ರಿ ಕೆಲಸ ಮುಗಿಸಿ ಮಲಗುವ ಮುನ್ನ ಜೊತೆಯವರೊಡನೆ ತನ್ನ ಭಾಷೆಯಲ್ಲಿ ಮನದಣಿಯೆ ಹರಟುತ್ತಾನೆ. ಲೆಬೋರ್ನನಿಗೆ ಹಾಗೆ ಮರಳಿಹೋಗಲು ಇನ್ನೊಂದು ಭಾಷೆ ಇರಲಿಲ್ಲ.

ಬ್ರೋಕಾನು ಓಬುರ್ತಾನನನ್ನು ಕರೆಯಿಸಿ ರೋಗಿಯನ್ನು ಬದುಕಿರುವಾಗಲೇ ತೋರಿಸಿದನು. ಇಂಥವನಲ್ಲಿ ಮುಂಭಾಗ ಕೆಟ್ಟಿರಲೇಬೇಕೆಂದು ಓಬುರ್ತಾನನು ಒಪ್ಪಿಕೊಂಡನು. ಫಲ ತಿಳಿಯುವ ಮೊದಲೇ ಪ್ರತಿಪಾದಕನನ್ನು ಮಾತಿಗೆ ಕಟ್ಟಿಹಾಕಿದ ಈ ನಡತೆ ನಮಗೆ ಬಹಳ ಮೆಚ್ಚಿಕೆಯಾಗಿದೆ. ಏಪ್ರಿಲ್ 17ರ ಬೆಳಿಗ್ಗೆ ಲೆಬೋರ್ನನು ತೀರಿಕೊಂಡನು. ಶವವನ್ನು ಪರೀಕ್ಷಿಸಿದಾಗ ಮಿದುಳಿನ ಎಡ ಮುಂಭಾಗದಲ್ಲಿ ಕೋಳಿಮೊಟ್ಟೆ ಹಿಡಿಸುವಷ್ಟು ಗುಳಿ ಬಿದ್ದು ನೀರು ತುಂಬಿತ್ತು. ಹಾನಿಯು ಸುತ್ತಲೂ ಹರಡಿದ್ದರೂ, ಅದು ಅತ್ಯಂತ ಹಳೆಯದಾಗಿ ಕಾಣುತ್ತಿದ್ದುದು ಮುಂಭಾಗದ ಮೂರನೆಯ ಮಡಿಕೆಯ ಹಿಂತುದಿಯಲ್ಲಿ, ಎಂದರೆ ಎಡ ಕಣತಲೆಯ ಬಳಿ. ಮೊದಲು ಮಾತು, ಬಳಿಕ ಕೈ, ಆಮೇಲೆ ಕಾಲು ಹೋದ ಕ್ರಮವನ್ನು ಹಾನಿ ಹರಡಿದ ಕ್ರಮದೊಡನೆ ಹೊಂದಿಸಿ, ರೋಗವು ಇಲ್ಲಿಂದಲೇ ಆರಂಭವಾಯಿತೆಂದು ಬ್ರೋಕಾನು ಊಹಿಸಿದನು. ಮರುದಿನವೇ ಮಿದುಳನ್ನು ಸಂಘದ ಮುಂದಿಟ್ಟನು. ಆಗಸ್ಟಿನಲ್ಲಿ ವಿಸ್ತಾರವಾದ ವರದಿಯನ್ನು ಓದಿದನು. ಮಿದುಳನ್ನು ಕೊಯ್ದು ಒಳಗಿನದನ್ನು ನೋಡುವ ಆಸೆ ಆತನಿಗಿರಲಿಲ್ಲವೆಂದಲ್ಲ. ಮುಂದಿನವರು ತನ್ನ ಮಾತನ್ನು ಪರೀಕ್ಷಿಸಲು ಅದು ಇಡಿಯಾಗಿರಬೇಕೆಂದು ಕೊಯ್ಯದೆ ಮದ್ಯಸಾರದಲ್ಲಿ ಕಾಪಿಟ್ಟನು. ಈ ನಿರ್ಧಾರದ ಫಲವನ್ನು ಮುಂದೆ ಹೇಳುತ್ತೇವೆ.

ಒಬ್ಬನಿಂದ ಸಿದ್ಧಾಂತವಾಗದು. ಅದೇ ವರ್ಷದ ಕೊನೆಯಲ್ಲಿ ಲೆಲಾಂಗ್ ಎಂಬ 84 ವರ್ಷದ ಮುದುಕನು ತೊಡೆಯ ಎಲುಬು ಮುರಿದು ಬ್ರೋಕಾನ ಬಳಿಗೆ ಬಂದನು. ಮಣ್ಣು ಅಗೆಯುವ ಕೂಲಿಯಿಂದ ಬದುಕಿದವನು. ಒಂದೂವರೆ ವರ್ಷದ ಹಿಂದೆ ಮಾತು ಹೋಗಿ ಐದೇ ಶಬ್ದಗಳು ಉಳಿದಿದ್ದುವು: ಹೌದು, ಇಲ್ಲ, ಯಾವಾಗಲೂ, ಮೂರು, ಮತ್ತು ಲೆಲೊ ಎಂದು ಅರ್ಧಕ್ಕೆ ನಿಲ್ಲುವ ತನ್ನ ಹೆಸರು. ಸಂಖ್ಯೆ ಯಾವುದಾದರೂ ಬಾಯಲ್ಲಿ ಬರುವುದು ಮೂರು. ಮಕ್ಕಳೆಷ್ಟೆಂದರೆ ಮೂರೆಂದು ನುಡಿದು ನಾಲ್ಕು ಬೆರಳು ತೋರಿಸಿದನು. ಗಂಡುಮಕ್ಕಳೆಷ್ಟು? ಮೂರೆಂದು ನುಡಿದು ಎರಡು ಬೆರಳು. ಹೆಣ್ಣುಮಕ್ಕಳಿಗೂ ಅಂತೆಯೇ. ಬೆರಳು ಹೇಳಿದ್ದು ಪ್ರತಿಸಾರಿಯೂ ಸರಿ, ಬಾಯಿ ಹೇಳಿದ್ದು ತಪ್ಪು. ಬಿಲ್ಲಿನ ಮೊತ್ತವನ್ನು ಗಲ್ಲಾದವರಿಗೆ ಕೂಗಿ ಹೇಳಿ ಅಭ್ಯಾಸವಿರುವ ನಮ್ಮ ವಾಚಕರು ಈ ಮುದುಕನ ಸಂಕಟವನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಲೆಲಾಂಗನು ತೀರಿಕೊಂಡ ಮೇಲೆ ನೋಡಿದರೆ, ಲೆಬೋರ್ನನಿಗಿಂತ ಚಿಕ್ಕದಾದ ಹಾನಿ, ಆದರೆ ಅದೇ ಸ್ಥಳದಲ್ಲಿ! ಬ್ರೋಕಾನು ಸ್ವತಃ ಬೆರಗಾದನು.

ಮುಂದಿನ ಎರಡು ವರ್ಷಗಳಲ್ಲಿ ಇಂತಹ ಎಂಟು ರೋಗಿಗಳ ವಿವರ ಸಂಗ್ರಹವಾಯಿತು. ಎಂಟರಲ್ಲಿಯೂ ಕೆಟ್ಟಿದ್ದುದು ಎಡಭಾಗ. ಇದು ಬ್ರೋಕಾನು ಬಯಸಿದ ಸಂಗತಿಯಾಗಿರಲಿಲ್ಲ. ಎರಡು ಕಣ್ಣುಗಳಂತೆ, ಎರಡು ಮೂತ್ರಪಿಂಡಗಳಂತೆ ಮಿದುಳಿನ ಎರಡು ಅರ್ಧಗಳಿಗೂ ಒಂದೇ ಕೆಲಸವಿರಬೇಕೆಂಬುದು ಅಂದಿನ ಶಾಸ್ತ್ರ. ಆತನು ಅವಸರಪಡದೆ ಕಾದು, ಎದುರಾಗುವ ಉದಾಹರಣೆಗಳಿಗಾಗಿ ಹುಡುಕಿ, 1865ರಲ್ಲಿ ಮಾತ್ರ ನಾವು ಮಾತನಾಡುವುದು ಎಡ ಅರ್ಧದಿಂದ ಎಂದು ಪ್ರಕಟಿಸಿದನು. ಎಡಭಾಗ ಕೆಟ್ಟವರಿಗೆ ಬಲಭಾಗದಿಂದ ಮಾತನ್ನು ಹೊಸದಾಗಿ ಕಲಿಸಲು ಸಾಧ್ಯವಾಗಬಹುದೆಂದೂ ಸೂಚಿಸಿದನು. ಈ ನಡುವೆ ಒಂದು ತಕರಾರೂ ಹುಟ್ಟಿತು. ದಕ್ಷಿಣ ಫ್ರಾನ್ಸಿನ ಮಾರ್ಕ್ ದಾಕ್ಸ್ ಎಂಬ ಗ್ರಾಮಾಂತರದ ವೈದ್ಯನು 1836ರಲ್ಲಿಯೇ ಇದೇ ಎಡಭಾಗದ ಸಂಗತಿಯನ್ನು ಬರೆದಿಟ್ಟು ಮರುವರ್ಷ ಗತಿಸಿದ್ದನು. ಆ ಬರಹವನ್ನು ಆತನ ಮಗನು 1863ರಲ್ಲಿ ಪ್ಯಾರಿಸ್ಸಿನ ವೈದ್ಯ ಅಕಾಡೆಮಿಗೆ ಕಳುಹಿಸಿದ್ದನು. ಬ್ರೋಕಾನು ವಿಚಾರಣೆ ನಡೆಸಿದರೂ ಅದನ್ನು ಆ ಕಾಲದಲ್ಲಿ ಓದಿದುದಕ್ಕೆ ಸಾಕ್ಷ್ಯ ಸಿಕ್ಕಲಿಲ್ಲ. ಇಂದಿನ ಗ್ರಂಥಗಳು ಇಬ್ಬರಿಗೂ ಪಾಲು ಕೊಡುತ್ತವೆ. ಹಳ್ಳಿಯ ವೈದ್ಯನಿಗೆ ಇದು ತಡವಾಗಿ ಸಂದ ನ್ಯಾಯ. 1874ರಲ್ಲಿ ಜರ್ಮನಿಯ ವರ್ನಿಕೆ ಎಂಬ ತರುಣ ವೈದ್ಯನು, ಮಿದುಳಿನ ಇನ್ನೊಂದು ಭಾಗ ಕೆಟ್ಟರೆ ಮನುಷ್ಯನು ನಿರರ್ಗಳವಾಗಿ ಮಾತನಾಡುತ್ತಲೇ ಅರ್ಥ ತಪ್ಪುವನೆಂದೂ, ಕೇಳಿದ ಮಾತು ಆತನಿಗೆ ತಿಳಿಯದಾಗುವುದೆಂದೂ ತೋರಿಸಿದನು. ಮನಸ್ಸಿನ ವ್ಯಾಪಾರಗಳನ್ನು ಮಿದುಳಿನಲ್ಲಿ ಹುಡುಕುವ ಶಾಸ್ತ್ರಕ್ಕೆ ಇವೇ ಗಟ್ಟಿ ಬುನಾದಿಗಳಾದುವು.

ಬ್ರೋಕಾನ ಕುತೂಹಲಕ್ಕೆ ಮೇರೆಯಿರಲಿಲ್ಲ. ಪೆರು ದೇಶದಿಂದ ತಂದ ಪುರಾತನ ತಲೆಬುರುಡೆಯೊಂದರಲ್ಲಿ ಚೌಕಾಕಾರದ ರಂಧ್ರವನ್ನು ನೋಡಿ, ಅದು ಬದುಕಿದ್ದವನ ಮೇಲೆ ನಡೆದ ಶಸ್ತ್ರಚಿಕಿತ್ಸೆಯೆಂದು 1867ರಲ್ಲಿ ತೀರ್ಮಾನಿಸಿದನು. ಕೊಲಂಬಸನಿಗೂ ಹಿಂದಿನ ಅಮೆರಿಕದ ಜನರು ಇಂತಹ ಚಿಕಿತ್ಸೆ ಮಾಡಬಲ್ಲವರಾಗಿದ್ದರೆಂಬುದನ್ನು ಅನೇಕ ಪಂಡಿತರು ನಂಬಲಿಲ್ಲ. ಬ್ರೋಕಾನು ನಂಬಿದನು, ಏಕೆಂದರೆ ಎಲುಬು ಹಾಗೆ ಹೇಳುತ್ತಿತ್ತು.

ಆದರೆ ಎಲುಬು ಹೇಳಿದುದನ್ನು ಆತನು ಯಾವಾಗಲೂ ಕೇಳಲಿಲ್ಲವೆಂಬುದೇ ದುಃಖದ ಸಂಗತಿ. ಗ್ರಾಸಿಯೊಲೆಯೊಡನೆ ನಡೆದ ವಾದದಲ್ಲಿ ಬ್ರೋಕಾನು ಹಿಡಿದ ಪಕ್ಷ, ದೊಡ್ಡ ಮಿದುಳೇ ಹೆಚ್ಚಿನ ಬುದ್ಧಿಯೆಂಬುದು. ಗಂಡಸರ ಮಿದುಳು ಹೆಂಗಸರದಕ್ಕಿಂತಲೂ, ಬಿಳಿಯರದು ಕರಿಯರದಕ್ಕಿಂತಲೂ ದೊಡ್ಡದೆಂದು ತೋರಿಸಲು ನೂರಾರು ಮಿದುಳುಗಳನ್ನು ತೂಗಿದನು, ತಲೆಬುರುಡೆಗಳೊಳಗೆ ಸೀಸದ ಗುಂಡುಗಳನ್ನು ತುಂಬಿ ಅಳೆದನು. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ತೂಗಿದ 292 ಗಂಡಸರ ಮಿದುಳುಗಳ ಸರಾಸರಿ 1325 ಗ್ರಾಂ, 140 ಹೆಂಗಸರದು 1144 ಗ್ರಾಂ. ಅಂತರ 181 ಗ್ರಾಂ. ಆತನ ತಕ್ಕಡಿಯಲ್ಲಿ ಮೋಸವಿರಲಿಲ್ಲ, ಅಳತೆಗಳು ಅಚ್ಚುಕಟ್ಟಾದುವು. ಮೋಸ ಹೊಕ್ಕದ್ದು ಲೆಕ್ಕದಲ್ಲಿ. ಹೆಂಗಸಿನ ದೇಹವೇ ಚಿಕ್ಕದು, ಅದಕ್ಕೆ ತಕ್ಕ ಮಿದುಳೆಂಬುದನ್ನು ಆತನೂ ಬಲ್ಲನು. ಆದರೂ ಅದಕ್ಕೆ ಎಷ್ಟು ಕಳೆಯಬೇಕೆಂದು ಲೆಕ್ಕ ಹಾಕಲಿಲ್ಲ. ಹೆಂಗಸರಿಗೆ ಬುದ್ಧಿ ತುಸು ಕಡಿಮೆಯೆಂಬುದು ಗೊತ್ತೇ ಇದೆಯಷ್ಟೆ ಎಂಬುದು ಆತನ ಸಮಾಧಾನ. ಜರ್ಮನರ ಮಿದುಳು ಫ್ರೆಂಚರದಕ್ಕಿಂತ ಸರಾಸರಿ 100 ಗ್ರಾಂ ಹೆಚ್ಚೆಂದು ಗ್ರಾಸಿಯೊಲೆ ಎತ್ತಿ ಹೇಳಿದಾಗ ಮಾತ್ರ, ದೇಹದ ಗಾತ್ರ, ವಯಸ್ಸು, ರೋಗ ಎಲ್ಲವನ್ನೂ ಜಾಗರೂಕತೆಯಿಂದ ಕಳೆದು ಆ ಅಂತರವನ್ನು ಅಳಿಸಿಹಾಕಿದನು! ಬೆನ್ನುಹುರಿ ಹೊರಬರುವ ರಂಧ್ರದ ಸ್ಥಾನವನ್ನು ಅಳೆದಾಗಲೂ ಹಾಗೆಯೇ. ಫಲವು ಕರಿಯರನ್ನು ಮೇಲೆ ನಿಲ್ಲಿಸುವಂತೆ ಕಂಡಾಗ ಆ ಅಳತೆಗೆ ಮಹತ್ವವಿಲ್ಲವೆಂದು ಬದಿಗಿಟ್ಟನು. ಗುಲಾಮಗಿರಿಯನ್ನು ಆತನು ವಿರೋಧಿಸಿದನೆಂಬುದು ನಿಜ. ಆದರೆ ಮನುಷ್ಯರಲ್ಲಿ ಮೇಲುಕೀಳುಗಳುಂಟೆಂದು ಮೊದಲೇ ನಂಬಿ, ಅಂಕಿಗಳನ್ನು ಆ ನಂಬಿಕೆಯ ಹಿಂದೆ ನಡೆಸಿದನು. ಲೆಬೋರ್ನನ ಹಾಸಿಗೆಯ ಬಳಿ ತಾನು ಬಯಸದ ಉತ್ತರಕ್ಕೂ ಸಿದ್ಧನಾಗಿ ಕುಳಿತವನೇ ಇವನು ಎಂಬುದನ್ನು ನೆನೆದರೆ ನಮಗೆ ಇನ್ನಷ್ಟು ಖೇದವಾಗುತ್ತದೆ.

ಈ ತಪ್ಪು ಫ್ರಾನ್ಸಿನಲ್ಲಿಯೇ ಉಳಿಯಲಿಲ್ಲ. ಬ್ರೋಕಾನ ಶಿಷ್ಯ ತೋಪಿನಾರನ ಅಳತೆಯ ಕ್ರಮವನ್ನು ಬ್ರಿಟಿಷ್ ಅಧಿಕಾರಿ ರಿಸ್ಲಿಯು ನಮ್ಮ ದೇಶಕ್ಕೆ ತಂದನು. ಮೂಗಿನ ಅಗಲ ಉದ್ದಗಳ ಲೆಕ್ಕದಿಂದ ಜಾತಿಗಳ ಮೇಲುಕೀಳನ್ನು ಕಾಣಬಹುದೆಂದು ವಾದಿಸಿದ ಈತನೇ 1901ರ ಜನಗಣತಿಯ ಮುಖ್ಯಾಧಿಕಾರಿ. ಮದ್ರಾಸು ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿದ್ದ ಥರ್ಸ್ಟನ್ ಎಂಬವನು ದಕ್ಷಿಣದ ಜನರ ತಲೆ ಮೂಗುಗಳನ್ನು ಅಳೆದು, 1909ರಲ್ಲಿ ಏಳು ಸಂಪುಟಗಳ ಗ್ರಂಥವನ್ನು ಹೊರತಂದನು. ದಕ್ಷಿಣ ಕನ್ನಡದ ಬಂಟರು, ಬಿಲ್ಲವರು ಮೊದಲಾದವರ ವರ್ಣನೆಯೂ ಅದರಲ್ಲಿದೆ. ನಮ್ಮ ಅಜ್ಜಂದಿರ ಕಾಲದವರ ಹಣೆಗೆ ತಗುಲಿದ ಆ ಅಳತೆಯ ಇಕ್ಕಳದ ಮೂಲವನ್ನು ಹುಡುಕುತ್ತ ಹೋದರೆ ಬ್ರೋಕಾನ ಪ್ರಯೋಗಶಾಲೆಯ ಬಾಗಿಲಿಗೆ ಬರುತ್ತೇವೆ.

1880ರ ಆರಂಭದಲ್ಲಿ ಫ್ರಾನ್ಸಿನ ಗಣರಾಜ್ಯವು ಬ್ರೋಕಾನನ್ನು ಆಜೀವ ಸೆನೆಟ್ ಸದಸ್ಯನನ್ನಾಗಿ ಆರಿಸಿ ಗೌರವಿಸಿತು. ಅದೇ ವರ್ಷ ಜುಲೈ ತಿಂಗಳಲ್ಲಿ, 56ನೆಯ ವಯಸ್ಸಿನಲ್ಲಿ, ಆತನು ಹಠಾತ್ತನೆ ತೀರಿಕೊಂಡನು. ಶಿಷ್ಯರು ಗುರುವಿನ ಮಿದುಳನ್ನೂ ತೂಗಿದರು: 1424 ಗ್ರಾಂ, ಸರಾಸರಿಗಿಂತ ಸ್ವಲ್ಪವೇ ಮೇಲೆ. ಮಿದುಳಿನ ಸ್ಥಾನಗಳ ವಾದಕ್ಕೆಲ್ಲ ಮೊದಲಿಗನಾದ ಗಾಲನದು 1198 ಗ್ರಾಂ ಮಾತ್ರವೇ ಇದ್ದಿತು. ಬ್ರೋಕಾನ ಮಿದುಳು ಆತನೇ ಬೆಳೆಸಿದ ಸಂಗ್ರಹದಲ್ಲಿ ಗಾಜಿನ ಭರಣಿಯೊಂದನ್ನು ಸೇರಿತು.

ಲೆಬೋರ್ನ್ ಮತ್ತು ಲೆಲಾಂಗರ ಮಿದುಳುಗಳೂ ಪ್ಯಾರಿಸ್ಸಿನಲ್ಲಿ ಸುರಕ್ಷಿತವಾಗಿ ಉಳಿದುವು. ಕೊಯ್ಯದೆ ಇಟ್ಟುದರ ಫಲ ಈಗ ದೊರೆಯಿತು. 2007ರಲ್ಲಿ ಸಂಶೋಧಕರು ಎಂ.ಆರ್.ಐ. ಯಂತ್ರದ ಮೂಲಕ ಅವುಗಳ ಒಳಭಾಗವನ್ನು ನೋಡಿದಾಗ, ಬ್ರೋಕಾನು ಹೊರಗಿನಿಂದ ಕಂಡುದಕ್ಕಿಂತ ಹಾನಿ ಬಹಳ ಆಳಕ್ಕೆ ಹೋಗಿದ್ದುದು ತಿಳಿದುಬಂದಿತು. ದೂರದ ಭಾಗಗಳನ್ನು ಕೂಡಿಸುವ ನರತಂತುಗಳ ಕಟ್ಟುಗಳೂ ಕಡಿದಿದ್ದುವು. ಮಾತಿಗೆ ಒಂದೇ ಕೋಣೆಯಲ್ಲ, ಒಂದಕ್ಕೊಂದು ದಾರಿಯುಳ್ಳ ಅನೇಕ ಕೋಣೆಗಳಿವೆಯೆಂಬುದು ಇಂದಿನ ತಿಳಿವಳಿಕೆ. ಬ್ರೋಕಾನ ಹೆಸರಿನ ಆ ಮಡಿಕೆ ಅವುಗಳಲ್ಲಿ ಮುಖ್ಯವಾದುದೊಂದು.

ಬ್ರೋಕಾನ ವರದಿಯಲ್ಲಿ ಲೆಬೋರ್ನ್ ಎಂಬ ಮನೆತನದ ಹೆಸರಷ್ಟೇ ಇದ್ದಿತು. ಆತನು ಎಲ್ಲಿಯವನು, ಯಾರ ಮಗನೆಂದು ಕೇಳುವವರಿಲ್ಲದೆ ನೂರೈವತ್ತು ವರ್ಷಗಳು ಕಳೆದುವು. ಓದುಬರಹವಿಲ್ಲದ ಕೂಲಿಯಾಗಿರಬೇಕೆಂದು ಪುಸ್ತಕಗಳಲ್ಲಿ ಬರೆದುಕೊಂಡರು. ಪೋಲೆಂಡ್ ದೇಶದ ಸಂಶೋಧಕನೊಬ್ಬನು ಹಳೆಯ ದಾಖಲೆಗಳನ್ನು ಶೋಧಿಸಿ 2013ರಲ್ಲಿ ವಿವರಗಳನ್ನು ಪ್ರಕಟಿಸಿದನು. ಪೂರ್ತಿ ಹೆಸರು ಲೂಯಿ ವಿಕ್ತೋರ್ ಲೆಬೋರ್ನ್. 1809ರಲ್ಲಿ ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಮೊರೆ ಎಂಬ ಊರಿನಲ್ಲಿ ಹುಟ್ಟಿದವನು. ತಂದೆ ಶಾಲಾ ಉಪಾಧ್ಯಾಯ. ಆ ಊರಿನಲ್ಲಿ ಚರ್ಮ ಹದಮಾಡುವ ಕಸುಬಿತ್ತು. ಅದಕ್ಕೆ ಬೇಕಾದ ಓಕ್ ಮರದ ತೊಗಟೆಯನ್ನು ಪುಡಿಮಾಡುವ ಗಿರಣಿಗಳಿದ್ದುವು. ಆ ತೊಗಟೆಯ ಪುಡಿಗೆ ಫ್ರೆಂಚಿನಲ್ಲಿರುವ ಹೆಸರು ತಾಂ. ಲೆಬೋರ್ನನ ಬಾಯಲ್ಲಿ ಉಳಿದಿದ್ದುದು ಹುಟ್ಟೂರಿನ ಆ ಶಬ್ದವೇ ಇರಬಹುದೆಂದು ಆ ಸಂಶೋಧಕನು ಊಹಿಸಿದ್ದಾನೆ.